ಗೋಧಿ ಬಿಟ್ಟವನ ಪ್ರಸಾದ

ವಿಜಯನಗರದ ಯಾವುದಾದರೂ ದಿನಸಿ ಅಂಗಡಿಯಲ್ಲಿ, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಇಂಗಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದುತ್ತಿರುವ ಗಂಡಸೊಬ್ಬನನ್ನು ನೀವು ಕಂಡಿದ್ದರೆ, ಅವನು ನಾನೇ ಇರಬೇಕು. ಇಂಗಿನಲ್ಲಿ ಇಂಗು ಎಷ್ಟಿದೆ ಎಂಬುದು ನನಗೆ ಮುಖ್ಯವಲ್ಲ. ಅದರೊಂದಿಗೆ ಗೋಧಿ ಹಿಟ್ಟು ಬೆರೆತಿದೆಯೋ ಇಲ್ಲವೋ ಎಂಬುದಷ್ಟೇ ನನ್ನ ಜಿಜ್ಞಾಸೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ ನಾನು ಯಾವ ಶಾಸನವನ್ನೂ ಇಷ್ಟು ಶ್ರದ್ಧೆಯಿಂದ ಓದಿದವನಲ್ಲ.

ಐವತ್ತೈದು ದಾಟುವವರೆಗೆ ನನ್ನ ಹೊಟ್ಟೆಯ ಉಬ್ಬರ, ಭೇದಿ, ಸುಸ್ತುಗಳಿಗೆಲ್ಲ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿತ್ತು. ಕೊನೆಗೊಬ್ಬ ವೈದ್ಯರು ಬಾಯಿಯ ಮೂಲಕ ನಳಿಕೆ ಇಳಿಸಿ, ಕರುಳಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿ, ಇದು ಸೀಲಿಯಾಕ್ ಎಂದರು. ನನ್ನ ಕರುಳಿಗೂ ಗೋಧಿಗೂ ಜನ್ಮವೈರ; ಔಷಧವಿಲ್ಲ, ಗೋಧಿಯನ್ನು ಜೀವನಪರ್ಯಂತ ಬಿಡುವುದೊಂದೇ ದಾರಿ. ಮೈದಾ, ರವೆ, ಶಾವಿಗೆಗಳೆಲ್ಲ ಅದರ ದಾಯಾದಿಗಳಾದ್ದರಿಂದ ಅವೂ ನಿಷಿದ್ಧ. ಚಿಟಿಕೆಯಷ್ಟು ಒಳಗೆ ಹೋದರೂ ಮೂರು ದಿನ ನಾನು ಬಚ್ಚಲಮನೆ ಬಿಟ್ಟು ದೂರ ಹೋಗುವಂತಿಲ್ಲ.

ಇದೆಂಥ ವಿಪರ್ಯಾಸ ನೋಡಿ. ನಮ್ಮ ಬಡಾವಣೆಯ ಸಮಸ್ತರೂ ಸಕ್ಕರೆ ಕಾಯಿಲೆಗೆ ಹೆದರಿ ಅಕ್ಕಿಯನ್ನು ತ್ಯಜಿಸಿ ಚಪಾತಿಗೆ ಶರಣಾಗಿರುವ ಕಾಲದಲ್ಲಿ ನಾನೊಬ್ಬ ಚಪಾತಿ ಬಿಟ್ಟು ಅನ್ನಕ್ಕೆ ಅಂಟಿಕೊಂಡೆ. ಮೊದಮೊದಲು ಪಾರ್ಕಿನ ವಾಕಿಂಗ್ ಮಿತ್ರರಿಗೆ ಕರುಳಿನ ರಚನೆಯನ್ನೆಲ್ಲ ವಿವರಿಸುತ್ತಿದ್ದೆ. "ಒಂದು ಚಪಾತಿಗೆ ಏನಾಗ್ಬಿಡುತ್ತೆ ಬಿಡಿ ಸಾರ್, ಎಲ್ಲಾ ಮನಸ್ಸಲ್ಲಿರೋದು" ಎಂದು ಒಬ್ಬರು ತೀರ್ಪು ಕೊಟ್ಟರು. ಹೃದಯದ ಕಾಯಿಲೆಯವನಿಗೆ ಸಿಗುವ ಗೌರವ ಕರುಳಿನ ಕಾಯಿಲೆಯವನಿಗೆ ಎಂದೂ ಸಿಗುವುದಿಲ್ಲ. ಹಾಗಾಗಿ ವಿವರಣೆ ನಿಲ್ಲಿಸಿ, ಯಾರು ಏನು ಕೊಟ್ಟರೂ "ಇವತ್ತು ಒಪ್ಪತ್ತು" ಎನ್ನಲಾರಂಭಿಸಿದೆ. ಸೋಮವಾರ, ಶನಿವಾರ, ಸಂಕಷ್ಟಿ, ಏಕಾದಶಿಗಳನ್ನೆಲ್ಲ ಒಟ್ಟಿಗೆ ಆಚರಿಸುವ ಪರಮ ನೇಮಿಷ್ಠನೆಂಬ ಕೀರ್ತಿ ಆರೇ ತಿಂಗಳಲ್ಲಿ ಬಂತು. ದೇವರ ಕೋಣೆಗೆ ಹೆಂಡತಿ ಬಲವಂತ ಮಾಡದೆ ಕಾಲಿಡದವನಿಗೆ ಇದು ತುಸು ಹೆಚ್ಚೇ ಆಯಿತು.

ಆದರೆ ಒಪ್ಪತ್ತಿನ ನೆಪ ಪ್ರಸಾದದ ಮುಂದೆ ನಡೆಯುವುದಿಲ್ಲ. ಎದುರುಮನೆಯ ಶಾರದಮ್ಮನವರು ಪ್ರತಿ ಹುಣ್ಣಿಮೆಗೂ ಸತ್ಯನಾರಾಯಣ ಪೂಜೆ ಮಾಡಿಸುವವರು. ಆ ಪೂಜೆಯ ಪ್ರಸಾದವೆಂದರೆ ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣಿನ ಸಜ್ಜಿಗೆ. ಅದನ್ನು ಕಡೆಗಣಿಸಿದವರಿಗೆ ಒದಗಿದ ದುರ್ಗತಿಯೇ ಪೂಜೆಯಲ್ಲಿ ಓದುವ ಕಥೆಯ ಮುಖ್ಯ ಭಾಗ. ನನ್ನ ಅಮ್ಮ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬರುವವರೆಗೆ ನನಗೆ ಊಟ ಹಾಕಿ, ಮಗ್ಗಿ ಒಪ್ಪಿಸಿಕೊಂಡು ಬೆಳೆಸಿದ ಹೆಂಗಸು ಅವರು. ಅವರಿಗೆ 'ಬೇಡ' ಎನ್ನಲಾರದೆ ಎಂಟು ಹುಣ್ಣಿಮೆ ತಪ್ಪಿಸಿಕೊಂಡು ಹೆಂಡತಿಯನ್ನಷ್ಟೇ ಕಳಿಸಿದೆ. ಒಂಬತ್ತನೆಯ ಸಲ ಅವಳು ಮುಖ ಸಪ್ಪೆ ಮಾಡಿಕೊಂಡು ಬಂದಳು. "ಸೀನ ನಮ್ಮನೇನ ಬಿಟ್ಟೇಬಿಟ್ನಾ? ನನ್ನಿಂದ ಏನು ತಪ್ಪಾಯ್ತು ಅಂತ ಕೇಳಿ ಹೇಳಮ್ಮ" ಎಂದು ಶಾರದಮ್ಮನವರು ಕಣ್ಣೊರೆಸಿಕೊಂಡರಂತೆ. ಎಂಬತ್ತೆರಡು ವರ್ಷದ ಆಕೆ ನನ್ನ ಕರುಳಿನ ದೆಸೆಯಿಂದ ತಮ್ಮ ತಪ್ಪು ಹುಡುಕುತ್ತಿದ್ದಾರೆಂದು ತಿಳಿದು ನನಗೆ ನಿಜಕ್ಕೂ ಸಂಕಟವಾಯಿತು. ಅಮ್ಮ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಗದರುವ ಹಿರಿಯರೆಂದು ಉಳಿದಿದ್ದವರು ಅವರೊಬ್ಬರೇ.

ಮುಂದಿನ ಹುಣ್ಣಿಮೆಗೆ ಹೋದೆ. ಹೋಗಿ, ನಿಜ ಹೇಳುವ ಬದಲು ಯುಕ್ತಿ ಮಾಡಿದೆ. ಅಂಗೈಗೆ ಬಿದ್ದ ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು, ಗೋಡೆಯ ಕಡೆ ತಿರುಗಿ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿದೆ. ಯಾರೂ ನೋಡಲಿಲ್ಲ. ಆದರೆ ಹೊರಡುವಾಗ ಹಿರಿಯರ ಕಾಲಿಗೆ ನಮಸ್ಕರಿಸಬೇಕೆಂಬ ಪದ್ಧತಿಯೊಂದಿದೆಯಲ್ಲ, ಬುದ್ಧಿವಂತನಾದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಗ್ಗಿದೆ, ಜೇಬಿನ ಗಂಟು ಜಾರಿ ಶಾರದಮ್ಮನವರ ಪಾದದ ಮುಂದೆಯೇ ಬಿದ್ದು ಬಿಚ್ಚಿಕೊಂಡಿತು.

ಅವರು ಅದನ್ನೊಮ್ಮೆ, ನನ್ನ ಬಿಳಿ ಅಂಗಿಯ ಮೇಲೆ ಹರಡಿದ್ದ ತುಪ್ಪದ ಕಲೆಯನ್ನೊಮ್ಮೆ ನೋಡಿದರು. "ಅಷ್ಟು ಬೇಡವಾಯ್ತೇನೋ ಸೀನ, ನಮ್ಮನೇದು?" ಎಂದರು.

ಅಲ್ಲೇ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಶಿಷ್ಟ ಪದಗಳನ್ನು ಹುಡುಕಲು ಹೋಗದೆ, ಭೇದಿ, ಬಚ್ಚಲು, ಸೋರಿಹೋದ ತೂಕ, ರವೆ ಹುರಿದ ಬಾಣಲೆಯನ್ನು ತೊಳೆದು ಬಳಸಿದರೂ ಇರುವ ಹೆದರಿಕೆ, ಸುಳ್ಳು ಒಪ್ಪತ್ತು, ಎಲ್ಲವನ್ನೂ. ಅವರು ಬಿದ್ದ ಪ್ರಸಾದವನ್ನು ಬಳಿದೆತ್ತಿ, ಕಣ್ಣಿಗೊತ್ತಿಕೊಂಡು, ತುಳಸಿಯ ಬುಡಕ್ಕೆ ಹಾಕಿ ಬಂದರು. "ಇಷ್ಟು ದಿನ ನನ್ನ ತಪ್ಪು ಏನು ಅಂತ ಯೋಚಿಸ್ತಾ ಕೂತಿದ್ನಲ್ಲೋ. ಹೊಟ್ಟೆ ಸರಿಯಿಲ್ಲ ಅಂತ ನನ್ನ ಹತ್ರ ಹೇಳಕ್ಕೆ ನಿಂಗೇನೋ ನಾಚಿಕೆ? ನಿನ್ನ ಚಡ್ಡಿ ತೊಳೆದಿರೋಳು ನಾನು" ಎಂದರು. ನೆರೆದಿದ್ದ ಹತ್ತು ಜನರ ಎದುರು ನನ್ನ ನಿವೃತ್ತ ಪ್ರಾಧ್ಯಾಪಕತ್ವ ಅಲ್ಲಿಗೆ ಮುಗಿಯಿತು.

ಆಮೇಲಿನ ಹುಣ್ಣಿಮೆಗೆ ಕರೆ ಬಂದಾಗ, ನನಗೊಂದು ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ ಎಂದುಕೊಂಡು ಹೋದೆ. ಶಾರದಮ್ಮನವರು ಅಷ್ಟರಲ್ಲಿ ಪುರೋಹಿತರನ್ನು ವಿಚಾರಿಸಿದ್ದರು. "ಗೋಧಿ ಇಲ್ದಿದ್ರೆ ಅಕ್ಕೀದು ಆಗುತ್ತೆ ಅಂತ ವಿಧೀಲೇ ಇದೆಯಲ್ಲಮ್ಮ, ಪ್ರತಿ ಸಲ ಓದ್ತೀನಿ" ಎಂದು ಅವರು ಸಲೀಸಾಗಿ ಹೇಳಿದರಂತೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪೂಜೆ ಮಾಡಿಸಿದ ಶಾರದಮ್ಮನವರ ಕಿವಿಗೂ, ಹುಟ್ಟಿದಾಗಿನಿಂದ ಕಥೆ ಕೇಳಿದ ನನ್ನ ಕಿವಿಗೂ ಆ ಮಾತು ಒಮ್ಮೆಯೂ ಬಿದ್ದಿರಲಿಲ್ಲ. ನನ್ನ ಗಮನವಂತೂ ಆ ಹೊತ್ತಿಗೆ ಸಜ್ಜಿಗೆಯ ಪಾತ್ರೆಯ ಮೇಲೆಯೇ ಇರುತ್ತಿತ್ತು.

ಮಂಗಳಾರತಿ ಮುಗಿದು ಪ್ರಸಾದ ಬಂತು. "ಸ್ವಲ್ಪ ತರಿತರಿ ಅನ್ಸುತ್ತಲ್ವಾ ಆಂಟಿ?" ಎಂದಳು ಪಕ್ಕದ ಮನೆಯವಳು. "ಅಕ್ಕಿ ತರೀದು. ಇನ್ಮೇಲೆ ನಮ್ಮನೇಲಿ ಎಲ್ಲರಿಗೂ ಇದೇ" ಎಂದರು ಶಾರದಮ್ಮ.

ನನ್ನ ಅಂಗೈಯಲ್ಲಿ ಸಜ್ಜಿಗೆ ಬೆಚ್ಚಗಿತ್ತು. ಅದರ ಜೊತೆಗೇ ಹಳೆಯ ಭಯವೂ ಬಂತು. ಇಷ್ಟು ಮಾಡಿದವರನ್ನು ಮತ್ತೆ ಪ್ರಶ್ನಿಸುವುದು ಕೃತಘ್ನತೆಯಲ್ಲವೇ ಎನ್ನಿಸಿತು. ಬಾಯಿ ಮುಚ್ಚಿಕೊಂಡು ನುಂಗಿ ಮೂರು ದಿನ ನರಳುವುದು ನನ್ನ ಸ್ವಭಾವಕ್ಕೆ ಸುಲಭದ ದಾರಿ. ಆದರೂ ಎಲ್ಲರೆದುರು ಕೇಳಿಯೇಬಿಟ್ಟೆ: "ಅಮ್ಮಾ, ಯಾವ ಬಾಣಲೇಲಿ ಹುರಿದ್ರಿ?"

ಶಾರದಮ್ಮ ಸೀದಾ ಒಳಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಹೊರಬಂದಾಗ ಅವರ ಕೈಯಲ್ಲಿ, ಹಿಡಿಯ ಮೇಲಿನ ಅಂಗಡಿ ಚೀಟಿಯನ್ನು ಇನ್ನೂ ಕೀಳದ ಹೊಸ ಬಾಣಲೆ ಇತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಓದ್ಕೋ. ಸೌಟೂ ಹೊಸದೇ" ಎಂದರು.

ತಿಂದೆ. ತುಪ್ಪ, ಬಾಳೆಹಣ್ಣು, ಸಕ್ಕರೆ. ಸ್ವಲ್ಪ ನಿಧಾನವಾಗಿಯೇ ತಿಂದೆ. ತಿಂದು ಮತ್ತೆ ಕೈ ಚಾಚಿದೆ. ಪ್ರಸಾದವನ್ನು ಎರಡನೇ ಸಲ ಕೇಳಬಾರದೆಂದು ಚಿಕ್ಕಂದಿನಲ್ಲಿ ಇದೇ ಕೈಗೆ ಹೊಡೆದಿದ್ದವರು, ಈಗ ಸೌಟು ತುಂಬ ತಂದು ಸುರಿದರು.