ತಿರುವಿನ ಗೂಡು

ನಮ್ಮ ಶಾಲೆಗೆ ಬಣ್ಣ ಇಲ್ಲ, ಗಾರೆ ಇಲ್ಲ, ಬರೀ ಕಾಂಕ್ರೀಟು. ಕಾವೂರಿನ ದಾರಿಯಲ್ಲಿ ಹೋಗುವವರು, "ಎಂತ ಟೀಚರ್, ಕೆಲಸ ಇನ್ನೂ ಮುಗಿಯಲಿಲ್ವಾ?" ಎಂದು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಬೇರೆ ಶಾಲೆಗಳು ಕೈಬಿಟ್ಟ ಮಕ್ಕಳಿಗಾಗಿಯೇ ಯೋಚಿಸಿ ಕಟ್ಟಿದ್ದು ಅದು. ಹೊಡೆಯುವವರು, ಓಡಿಹೋಗುವವರು, ತಿಂಗಳುಗಟ್ಟಲೆ ಬಾಯಿ ಬಿಡದವರು. ಮೂಲೆಗಳಿಲ್ಲದ ಕಾರಿಡಾರು, ಚಿಲಕವಿಲ್ಲದ ಬಾಗಿಲುಗಳು, ತಿರುವಿನಲ್ಲಿ ಒಂದು ಮಗು ಕಾಲು ಮಡಚಿ ಕೂರುವಷ್ಟು ದೊಡ್ಡ ಗೋಡೆಗೂಡು.

ಆ ಗೂಡು ಒಬ್ಬ ಹುಡುಗಿಯ ಪಾಲಿಗೆ ಬಂತು. ಹದಿಮೂರು ವರ್ಷ, ಮೂರು ಶಾಲೆಗಳ ಗೇಟು ಹಾರಿದವಳು. ತಲೆ ಕೆಟ್ಟಾಗ ಹೋಗಿ ತಣ್ಣಗಿನ ಕಾಂಕ್ರೀಟಿಗೆ ಕೆನ್ನೆ ಒತ್ತಿ ಕೂರುತ್ತಿದ್ದಳು. ಹತ್ತು ನಿಮಿಷ ಕಳೆದರೆ ತಾನಾಗಿಯೇ ಕ್ಲಾಸಿಗೆ ಬರುತ್ತಿದ್ದಳು. ಇಡೀ ವರ್ಷ ನಮ್ಮ ಗೇಟಿನ ಹತ್ತಿರ ಸುಳಿಯಲಿಲ್ಲ.

ಕೆಡಿಸಿದ್ದು ನನ್ನ ಬಾಯಿ. ಬೇಸಿಗೆ ರಜೆಯಲ್ಲಿ ಶಾಲೆಯ ದಾನಿಯೊಬ್ಬರು ದುಬಾಯಿಯಿಂದ ಬಂದಿದ್ದರು. ನಮ್ಮ ಚರ್ಚಿನವರೇ. ಗೂಡಿನ ಮುಂದೆ ನಿಂತು, "ಇದೆಂತ, ಖಾಲಿ ಉಂಟಲ್ಲ?" ಎಂದರು. ನಮ್ಮವರ ಮನೆಗಳಲ್ಲಿ ಗೋಡೆಯ ಗೂಡನ್ನು ಖಾಲಿ ಬಿಡುವ ಪದ್ಧತಿಯಿಲ್ಲ. "ಮಾತೆಯ ಮೂರ್ತಿಗೇ ಅಳತೆ ತೆಗೆದ ಹಾಗೆ ಉಂಟು ಸರ್" ಎಂದು ನಗೆಯಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜೂನಿನಲ್ಲಿ ಶಾಲೆ ತೆರೆದಾಗ ಗೂಡಿನಲ್ಲಿ ಮಾತೆ ಮೇರಿ. ಎದುರಿಗೆ ಗಾಜು, ಸುತ್ತ ಮಿಣುಕು ಬಲ್ಬು. ಹುಡುಗಿ ಗಾಜಿನ ಮುಂದೆ ತುಂಬ ಹೊತ್ತು ನಿಂತಳು.

"ಇವರು ಯಾವಾಗ ಹೋಗುವುದು ಟೀಚರ್?"

ಮಧ್ಯಾಹ್ನದೊಳಗೆ ಅವಳು ಗೇಟು ಹಾರಿದ್ದಳು. ಸಂಜೆ ಬಜಪೆಯ ರಸ್ತೆಯಲ್ಲಿ ಲಾರಿಗಳ ಪಕ್ಕ ನಡೆಯುತ್ತಿದ್ದವಳನ್ನು ಕರೆತಂದೆವು.

ದಾನಿಗೆ ಫೋನು ಮಾಡಿದೆ. ಮೂರ್ತಿಯನ್ನು ಆಫೀಸಿನಲ್ಲಿ ಇಡುವ ಎಂದೆ.

"ಫಾದರ್ ಬಂದು ಆಶೀರ್ವಾದ ಮಾಡಿ ಆಗಿದೆ. ಇನ್ನು ಮಾತೆಯನ್ನು ಎಬ್ಬಿಸುವುದಾ? ನೀವು ಕ್ರಿಶ್ಚಿಯನ್ ಅಲ್ವಾ ಮಾರಾಯ್ತಿ?"

ಫೋನು ಇಟ್ಟೆ. ತೆರೆಯಬಾರದಾಗ ತೆರೆದ ಬಾಯಿ, ತೆರೆಯಬೇಕಾದಾಗ ಮುಚ್ಚಿತು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ದಿನಾ ಆ ತಿರುವಿನಲ್ಲಿ ಅಭ್ಯಾಸಬಲದಿಂದ ಕೈ ಹಣೆಗೆ ಹೋಗುತ್ತದೆ. ಪ್ರಾರ್ಥನೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಅಮ್ಮಾ, ನಿನಗೆ ಊರು ತುಂಬ ಜಾಗ ಉಂಟು, ಸ್ವಲ್ಪ ಸರಿದುಕೋ ಎನ್ನುತ್ತೇನೆ. ಆಮೇಲೆ ಆ ಹುಡುಗಿಯ ಕ್ಲಾಸಿಗೆ ಹೋಗಿ, ಹೊಸದಾಗಿ ಹೊಡೆಸಿದ ಚಿಲಕವನ್ನು ಒಳಗಿನಿಂದ ಹಾಕಿ, ಪಾಠ ಶುರು ಮಾಡುತ್ತೇನೆ.