ಜೋಲು ಕೆಚ್ಚಲು

ಎಮ್ಮೆಗೆ ಕೊಟ್ಟದ್ದು ಆರುನೂರ ನಲವತ್ತು ರೂಪಾಯಿ. ಆರುನೂರಕ್ಕೇ ಬರುತ್ತಿತ್ತು. ಮೇಲಿನ ನಲವತ್ತು ಹೋದದ್ದು ನನ್ನ ಅನುಮಾನಕ್ಕೆ.

ಎಪ್ಪತ್ತರ ದಶಕದ ಆರಂಭ. ಬ್ರೂಸ್‌ಪೇಟೆಯಲ್ಲಿ ನನ್ನ ಚಹಾದಂಗಡಿ. ಹಾಲು ಹಾಕುವವನು ನೀರು ಬೆರೆಸಿ ಬೆರೆಸಿ, ಗಿರಾಕಿಗಳು ಎದುರಂಗಡಿಗೆ ಜಾರತೊಡಗಿದ್ದರು. ಸ್ವಂತ ಎಮ್ಮೆ ಬೇಕಿತ್ತು. ಒಂದಕ್ಕಷ್ಟೇ ದುಡ್ಡಿತ್ತು; ಅದು ಕೈಕೊಟ್ಟರೆ ಅಂಗಡಿ ಮುಚ್ಚಬೇಕು.

ಕುರುಗೋಡಿನಲ್ಲಿ ಒಂದನ್ನು ನೋಡಿದೆ. ಕೆಚ್ಚಲು ತುಂಬಿದ ಕೊಡದಂತೆ ಬಿಗಿದಿತ್ತು. "ಹಿಂಡಿ ತೋರಿಸ್ರಿ" ಅಂದೆ. "ಯಾಕ್ರಿ, ಕಣ್ಣಿಗೇ ಕಾಣಾಕತ್ತೈತಲ್ಲ" ಅಂದ ಮಾಲೀಕ. ಎರಡು ಹೊತ್ತು ಹಿಂಡದೆ ಬಿಟ್ಟಿದ್ದಾನೆ ಅನ್ನಿಸಿತು. ಎದ್ದು ಬಂದೆ.

ಸಿರುಗುಪ್ಪದಲ್ಲಿ ಒಬ್ಬ ಮುದುಕಿಯ ಎಮ್ಮೆ. ಕೆಚ್ಚಲೋ, ಖಾಲಿ ಚೀಲದ ಹಾಗೆ ಸುಕ್ಕುಗಟ್ಟಿ ನೇತಾಡುತ್ತಿತ್ತು. ನಮ್ಮಲ್ಲಿ ಜೋಲು ಎಂದರೆ ಯಾರೂ ಹಿಗ್ಗುವುದಿಲ್ಲ: ಜೋಲು ಮೋರೆ, ಜೋಲು ಹೊಟ್ಟೆ, ನುಲಿ ಸಡಿಲಾಗಿ ಜೋಲುಬಿದ್ದ ಮಂಚ. ರೇಟು ಇಳಿಸಲು ಇಷ್ಟು ಸಾಕೆಂದು, "ಜೋಲು ಕೆಚ್ಚಲಿಗೆ ಆರ್ನೂರೇನಬೇ ಯಮ್ಮಾ?" ಎಂದು ನಕ್ಕೆ.

"ಮುಂಜಾನಿ ಹಿಂಡೀನಿ, ಜೋಲಾಗದ ಇನ್ನೇನಾದೀತು? ಹಿಂಡಿದ ಮ್ಯಾಲೂ ಬಿಗಿ ಇದ್ರ ಅದು ಹಾಲಲ್ಲೋ ತಮ್ಮಾ, ಖಂಡ. ಚಾ ಕಾಸಾಂವಗ ಇಷ್ಟೂ ಗೊತ್ತಿಲ್ಲೇನು?"

ಮಾತು ಬಹಳ ಚೆನ್ನಾಗಿತ್ತು. ಅದಕ್ಕೇ ನಂಬಲಿಲ್ಲ. ಸಂಜೆಯವರೆಗೆ ಎಮ್ಮೆ ಪಕ್ಕ ಬಿಟ್ಟು ಕದಲಲಿಲ್ಲ. ಹಿಂಡುವ ಚರಿಗೆಯನ್ನು ಬೋರಲು ಹಾಕಿ ತಟ್ಟಿ ನೋಡಿದೆ.

"ಎಮ್ಮಿ ಬಾಯಾಗೂ ಇಣುಕಪ್ಪಾ, ಅಲ್ಲೇನರ ಅಡಗಿಸಿಟ್ಟೀನೇನೋ!"

ಹೊತ್ತು ಇಳಿಯುವಷ್ಟರಲ್ಲಿ ಕೆಚ್ಚಲು ತಾನಾಗಿ ತುಂಬಿಕೊಂಡಿತು. ಕರು ಬಿಟ್ಟು, ಎಳೆದು ಕಟ್ಟಿ, ಮುದುಕಿ ಕೂತಳು. ನೊರೆಯೆಲ್ಲ ಕಳೆದು ಮೂರು ಸೇರು. ಮುಗಿದಾಗ ಕೆಚ್ಚಲು ಮತ್ತೆ ಅದೇ ಜೋಲು. ಮುಟ್ಟಿದರೆ ಹಳೆ ಸೀರೆಯಷ್ಟು ಮೆತ್ತಗೆ.

"ಹಿಡೀರಿ ಯಮ್ಮಾ, ಆರ್ನೂರು" ಅಂದೆ.

"ಅದು ಮಧ್ಯಾಹ್ನದ ರೇಟು. ಇಡೀ ದಿನ ನನ್ನ ಕಳ್ಳಿ ಮಾಡಿ ಕಾವಲು ಕುಂತಿ. ನಲವತ್ತು ಜಾಸ್ತಿ ಇಡು, ಇಲ್ಲಾ ಬಸ್ ಹಿಡಿ."

ಜೀವಮಾನದಲ್ಲಿ ಚೌಕಾಶಿ ಮಾಡದೆ ಕೊಟ್ಟ ದುಡ್ಡೆಂದರೆ ಆ ನಲವತ್ತೇ. ತಿಂಗಳೊಳಗೆ ಎದುರಂಗಡಿಯ ಬೆಂಚು ಖಾಲಿಯಾಗಿ ನನ್ನದು ತುಂಬಿತು.

ಎಮ್ಮೆ ಕೊಳ್ಳುವವರು ಜೋಲು ಕೆಚ್ಚಲು ಕಂಡ ಕೂಡಲೇ ಮೂಗು ಮುರಿಯಬೇಡಿ. ಯಾವಾಗ ಹಿಂಡಿದ್ದು ಅಂತ ಕೇಳಿ. ಹೇಳಿದ್ದನ್ನು ನಂಬಲೂಬೇಡಿ. ಚರಿಗೆ ನಿಮ್ಮದೇ ಒಯ್ಯಿರಿ, ಎದುರಿಗೇ ಹಿಂಡಿಸಿ, ಸಾಧ್ಯವಾದರೆ ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಮತ್ತೆ ಹೋಗಿ. ಹಿಂಡಿದ ಮೇಲೆ ಕೆಚ್ಚಲು ಕೈಗೆ ಸೀರೆಯ ಮಡಿಕೆಯಂತೆ ಮೆತ್ತಗೆ ಸಿಕ್ಕರೆ ವ್ಯಾಪಾರಕ್ಕೆ ಕೂರಿ. ಗಟ್ಟಿಯಿದ್ದರೆ ಚಪ್ಪಲಿ ಮೆಟ್ಟಿಕೊಳ್ಳಿ. ಅನುಮಾನ ಪಡಿ, ಆದರೆ ಅದನ್ನು ಮುಖದ ಮೇಲೆ ತೋರಿಸಿಕೊಳ್ಳಬೇಡಿ.