ಡೈರಿಗಳಿಗೆ ಮಳೆಗಾಲದ ಬಿಡಾರ

ಕುರ್ಲಾದ ಚಾಳಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಲ್ಲಿಯ ಸರದಿಗೆ ಕೊಡ ಇಟ್ಟು ಬಂದ ಭುವನೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ಅದು ಸಾಲದೆಂಬಂತೆ ಅಂಗೈಗಳನ್ನು ಒಂದಿಷ್ಟು ಹೊತ್ತು ಫ್ಯಾನಿನ ಕೆಳಗೆ ಹಿಡಿಯುತ್ತಾರೆ. ಆಮೇಲೆಯೇ ಕಬ್ಬಿಣದ ಕಪಾಟಿನ ಬಾಗಿಲು ತೆರೆಯುವುದು. ತಳದಲ್ಲಿ ಒಂದು ಸಣ್ಣ ಬಲ್ಬು ಹಳದಿಯಾಗಿ ಉರಿಯುತ್ತಿದೆ. ಮೇಲಿನ ಹಲಗೆಗಳಲ್ಲಿ ಚರ್ಮದ ಹೊದಿಕೆಯ ಡೈರಿಗಳು ಒಂದಕ್ಕೊಂದು ತಾಗದಂತೆ ನಿಂತಿವೆ. ಅವುಗಳಲ್ಲಿ ಒಂದೂ ಅವರದಲ್ಲ.

ಜೂನ್ ಬಂದು ಮುಂಬೈಯ ಗಾಳಿಗೆ ನೀರೇರಿತೆಂದರೆ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಬಲ್ಲವರು ತಮ್ಮ ಡೈರಿಗಳನ್ನು ತಂದು ಇಲ್ಲಿ ಬಿಡುತ್ತಾರೆ, ನವರಾತ್ರಿ ಕಳೆದ ಮೇಲೆ ಒಯ್ಯುತ್ತಾರೆ. ದಿನವೂ ಬೆಳಿಗ್ಗೆ ಭುವನೇಶ್ವರಿ ಒಂದೊಂದನ್ನೇ ಇಳಿಸಿ, ಹಳೆಯ ಧೋತರದ ಮೆತ್ತನೆ ತುಂಡಿನಿಂದ ಹೊದಿಕೆ ಒರೆಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಗಾಳಿ ಕೊಡುತ್ತಾರೆ.

“ಮಂದಿ ಪ್ಲಾಸ್ಟಿಕ್ ಚೀಲದಾಗ ಸುತ್ತಿ ತರ್ತಾರ್ರಿ. ಮೊದಲ ಅದನ್ನ ಬಿಚ್ಚಿ ಹೊರಗ ಒಗೀತೀನಿ. ಒಳಗಿನ ಹಸಿ ಒಳಗ ಉಳದ್ರ ಬುರಶಿ ಏಳತೈತಿ” ಎನ್ನುತ್ತಾರೆ. ಎಣ್ಣೆ ಹಚ್ಚುವುದಿಲ್ಲವೇ? “ಬೆರಳ ತುದೀಲೆ, ಅದೂ ಒಣಗಿ ಬಿರಿಯಾಕ ಹತ್ತಿದ್ರ ಅಷ್ಟ. ಭಾಳ ಹಚ್ಚಿದ್ರ ಕರ್ರಗ ಆಗತೈತಿ, ಹಾಳಿಗೂ ಇಳೀತೈತಿ.” ಒಳಗೆ ಬರೆದದ್ದನ್ನು ಓದಬೇಕೆನ್ನಿಸುವುದಿಲ್ಲವೇ ಎಂದು ಕೇಳಿದರೆ ಅವರ ಹುಬ್ಬು ಗಂಟಾಗುತ್ತದೆ. “ಮಂದಿ ಮನಿ ಬಾಗಲಾ ತಗದೈತಂತ ಒಳಗ ಹೋಗಿ ಕುಂಡ್ರತೀವೇನ್ರಿ?”

ಭುವನೇಶ್ವರಿ ಇಂಡಿ ತಾಲ್ಲೂಕಿನವರು. ಮದುವೆಯಾಗಿ ಈ ಚಾಳಿಗೆ ಬಂದರು. ಗಂಡ ಚಂದ್ರಾಮ ಹತ್ತಿರದ ಕಾರ್ಖಾನೆಯಲ್ಲಿ ಚರ್ಮದ ಪಾಕೀಟು, ಡೈರಿ ಹೊಲಿಯುತ್ತಾರೆ. ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಶೈಲಾ, ಚಂದ್ರಾಮ ಹೊಲಿದ ಡೈರಿಯ ದಾರ ಬಿಟ್ಟಿತೆಂದು ಒಂದು ಮಳೆಗಾಲದ ಮೊದಲಲ್ಲಿ ತಂದುಕೊಟ್ಟು ಮರೆತೇಬಿಟ್ಟಿದ್ದರು. ದೀಪಾವಳಿಗೆ ಬಂದು ನೋಡಿದರೆ ತಮ್ಮ ಮನೆಯಲ್ಲಿದ್ದ ಚರ್ಮದ ಸಾಮಾನೆಲ್ಲ ಬೂಸ್ಟಿನಿಂದ ಬೆಳ್ಳಗಾಗಿದ್ದರೂ ಇಲ್ಲಿದ್ದ ಡೈರಿ ಹೊಸದರಂತಿತ್ತು. ಕಾರಣ, ಕಪಾಟಿನ ಹಿಂದಿನ ಗೋಡೆ. ಅದರ ಆಚೆ ಬೇಕರಿಯ ಕಟ್ಟಿಗೆ ಭಟ್ಟಿ. ಹೊರಗೆ ಎಷ್ಟೇ ಸುರಿದರೂ ಈಚೆಯ ಗೋಡೆ ಬೆಚ್ಚಗಿರುತ್ತಿತ್ತು. ಮರುವರ್ಷ ಶೈಲಾ ತಾವಾಗಿಯೇ ತಂದಿಟ್ಟರು, ಗೆಳತಿಯರಿಗೂ ಹೇಳಿದರು. ಬಾಯಿಂದ ಬಾಯಿಗೆ ಸುದ್ದಿ ದಹಿಸರ್‌ವರೆಗೂ ಹೋಯಿತು.

ಹೋದ ವರ್ಷ ಬೇಕರಿಯವರು ಕಟ್ಟಿಗೆ ಬಿಟ್ಟು ಗ್ಯಾಸಿಗೆ ಹೋದರು. ಹೊಸ ಒಲೆ ಬೇರೆ ಮೂಲೆ ಸೇರಿತು, ಗೋಡೆ ತಣ್ಣಗಾಯಿತು. ಇಷ್ಟರಿಂದ ಏನಾದೀತು ಎಂದುಕೊಂಡರು ಭುವನೇಶ್ವರಿ. ಜುಲೈಯ ಒಂದು ಬೆಳಿಗ್ಗೆ ಪೂವಪ್ಪನವರ ಡೈರಿಯ ಬೆನ್ನ ಮೇಲೆ ಬಿಳಿ ಹೂವಿನಂಥ ಬೂಸ್ಟು ಕಂಡಿತು. ಒಣ ಬಟ್ಟೆಯಲ್ಲಿ ಒರೆಸಿದರೆ ಬೂಸ್ಟು ಹೋಯಿತು, ಬೂದು ಬಣ್ಣದ ಕಲೆ ಉಳಿಯಿತು.

ಪೂವಪ್ಪ ಉಡುಪಿ ಕಡೆಯವರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿ ದಹಿಸರ್‌ನಲ್ಲಿರುವವರು. ಡೈರಿ ಅವರ ಹೆಂಡತಿ ಚಂಪಾ ಅವರದು. ಸಂಜೆ ದೀಪ ಹಚ್ಚಿದ ಮೇಲೆ ನಾಲ್ಕು ಸಾಲು ಬರೆಯುವುದು ಅವರ ರೂಢಿಯಾಗಿತ್ತು. ಈಗ ಅವರಿಲ್ಲ.

“ಪಾಲಿಶ್ ಹೊಡದು ಕೊಡ್ತೀನಿ ತಾ. ಅವರಿಗೆ ಎಲ್ಲಿ ಗೊತ್ತಾಗತೈತಿ” ಎಂದರು ಚಂದ್ರಾಮ. ಭುವನೇಶ್ವರಿ ಮಾತ್ರ ಡೈರಿಯನ್ನು ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಲೋಕಲ್ ಹತ್ತಿದರು. ದಾದರಿನಲ್ಲಿ ಗಾಡಿ ಬದಲಿಸಿ ದಹಿಸರ್ ಮುಟ್ಟುವವರೆಗೂ ಹೇಗೆ ಹೇಳಲಿ ಎಂಬುದೊಂದೇ ಚಿಂತೆ.

“ಕಾಕಾರ, ನನ್ನ ಕಡಿಂದ ಇದಕ ಕಲಿ ಬಿತ್ತರಿ.”

ಪೂವಪ್ಪ ಡೈರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಲೆಯ ಮೇಲೆ ಹೆಬ್ಬೆರಳಾಡಿಸಿದರು. “ಒಳಗೆ?”

“ಒಳಗ ಏನೂ ಆಗಿಲ್ರಿ. ಅಕ್ಷರ ಹಂಗ ಅದಾವು.”

ಅವರು ನಂಬಿಕೆಯಾಗದೆ ಒಂದೊಂದೇ ಹಾಳೆ ತಿರುಗಿಸಿ ಕೊನೆಯ ಸಾಲಿನವರೆಗೂ ನೋಡಿದರು. “ಪಾಲಿಶ್ ಮಾಡಿ ಕೊಟ್ಟಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ?”

“ಆಗತಿರಲಿಲ್ರಿ.”

ಪೂವಪ್ಪ ಎದ್ದು ಚಹಾಕ್ಕೆ ನೀರಿಟ್ಟರು. ಗೋಡೆಯ ಕತೆ ಕೇಳಿದರು. ಲೋಟ ಕೈಗಿಡುತ್ತಾ ಹೇಳಿದರು: “ನಮ್ಮ ಹೋಟ್ಲಲ್ಲಿ ವಡೆ ಇಡ್ಲಿಕ್ಕೆ ಗಾಜಿನ ಪೆಟ್ಟಿಗೆ ಇತ್ತು ಮಾರಾಯ್ರೆ. ಒಳಗೊಂದು ಬಲ್ಬು ಉರೀತಿತ್ತು. ಎಂಥ ಮಳೆಗೂ ವಡೆಗೆ ಥಂಡಿ ಹಿಡೀತಿರ್ಲಿಲ್ಲ. ನೀವೂ ಹಾಗೇ ಒಂದು ಮಾಡಿ ನೋಡಿ.” ಹೊರಡುವಾಗ ಡೈರಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಭುವನೇಶ್ವರಿಯ ಕೈಗೇ ಕೊಟ್ಟರು.

ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಎಲ್‌ಇಡಿ. ಬೆಳಕುಂಟು, ಕಾವಿಲ್ಲ. ತಂತಿ ಉರಿಯುವ ಹಳೆಯ ಬಲ್ಬನ್ನು ಚಂದ್ರಾಮ ಬಜಾರೆಲ್ಲ ಸುತ್ತಿ ಹುಡುಕಿ ತಂದು ಕಪಾಟಿನ ತಳದಲ್ಲಿ ಹಾಕಿದರು. ಮೊದಲ ದಿನ ಕಾವು ಹೆಚ್ಚಾಗಿ ಕೆಳಗಿನ ಡೈರಿಯೊಂದರ ಅಂಚು ಮುದುರಿತು. ಅಂದಿನಿಂದ ಬಲ್ಬಿಗೆ ಹತ್ತಿರದ ಹಲಗೆ ಖಾಲಿ, ಬಾಗಿಲಿಗೆ ಬೆರಳಗಲ ಸಂದು. ನಡೆದದ್ದನ್ನು ಭುವನೇಶ್ವರಿ ಡೈರಿ ಇಟ್ಟ ಉಳಿದವರಿಗೂ ಹೇಳಿದರು. ಕೆಲವರು ತಮ್ಮದನ್ನು ಒಯ್ದರು. ಈ ಜೂನ್‌ನಲ್ಲಿ ಅವರಲ್ಲೂ ಹೆಚ್ಚಿನವರು ಮರಳಿ ತಂದಿಟ್ಟಿದ್ದಾರೆ.

ಭುವನೇಶ್ವರಿಗೆ ಇರುವುದು ಒಂದೇ ತಕರಾರು. ಈಗೀಗ ಜನ ಫೋನ್ ಮಾಡಿ, ಡೆಲಿವರಿಯವರ ಕೈಯಲ್ಲಿ ಕಳಿಸಿಬಿಡಿ ಎನ್ನುತ್ತಾರೆ. ಅವರು ಒಪ್ಪುವುದಿಲ್ಲ.

“ನೀವ ಬರ್ರಿ ಅಂತೀನಿ. ಬಂದವರು ಮೊದಲ ತಗದು ಮೂಗಿಗೆ ಹಿಡೀತಾರ. ಮುಗ್ಗಲು ವಾಸನಿ ಇಲ್ಲಂದ್ರ ಮಾರಿ ಅರಳತೈತಿ. ಮಳಿಗಾಲೆಲ್ಲಾ ಕಾದಾಕಿ ನಾನು. ಅದನ್ನರ ನನಗ ನೋಡಾಕ ಬಿಡ್ರಿ.”